ತುಂಬುವ ತನಕ ಬೆಣ್ಣೆ

‘ಲೋಟದಲ್ಲಿ ಅರ್ಧ ನೀರು. ತುಂಬುವ ತನಕ ಬೆಣ್ಣೆ.’ ಅಮ್ಮನ ಅಡುಗೆ ಪುಸ್ತಕದ ಈ ಒಂದು ಸಾಲು ಮುಳ್ಳಪ್ಪನ ಭಾನುವಾರವನ್ನು ನುಂಗಿ ಹಾಕಿತು. ಮುಳ್ಳಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ನಲವತ್ತು ವರ್ಷ ಗಡಿಯಾರದ ಮುಳ್ಳು ರಿಪೇರಿ ಮಾಡಿದವನಿಗೆ ಇನ್ನೇನು ಹೆಸರಿಟ್ಟಾರು?

ಅಮ್ಮ ಹೋಗಿ ಹತ್ತು ವರ್ಷ. ಅವಳ ಕೈಬರಹವೆಂದು ಉಳಿದಿದ್ದು ಆ ಪುಸ್ತಕವೊಂದೇ. ಅದು ತನಗೆ ಬೇಕೆಂದು ಅಕ್ಕ, ಕೊಡುವುದಿಲ್ಲವೆಂದು ಇವನು, ಅಂದಿನಿಂದಲೂ ಹಗ್ಗಜಗ್ಗಾಟ. ಹೋದ ವಾರ ಅಕ್ಕ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: “ಒಲೆ ಹಚ್ಚೋಕೆ ಬರದವನಿಗೆ ಅಡುಗೆ ಪುಸ್ತಕ ಯಾಕೋ? ಭಾನುವಾರ ಸಾಯಂಕಾಲ ಬರ್ತೀನಿ, ಅಮ್ಮನ ಬಿಸ್ಕತ್ತು ಮಾಡಿಡು. ಅದೇ ರುಚಿ ಬರ್ಲಿಲ್ಲ ಅಂದ್ರೆ ಪುಸ್ತಕ ನಂದು.” ಇವನೂ ಜಂಬದಿಂದ ಹೂಂ ಎಂದುಬಿಟ್ಟಿದ್ದ.

ಅಮ್ಮನ ಲೋಟವೇನೋ ಮನೆಯಲ್ಲೇ ಇತ್ತು. ಆದರೆ ಅಂಗಡಿಯ ಬೆಣ್ಣೆ ಗ್ರಾಂ ಲೆಕ್ಕದ್ದು. ಓವನ್ ಎರವಲು ಕೊಟ್ಟ ಪಕ್ಕದ ಮನೆಯ ಔಷಧಿ ಅಂಗಡಿಯವರು ಲೋಟವನ್ನು ಅಳೆದು, ಇನ್ನೂರು ಎಂಎಲ್ ಹಿಡಿಯುತ್ತದೆ, ಆದ್ದರಿಂದ ಇನ್ನೂರು ಗ್ರಾಂ ಬೆಣ್ಣೆ ಎಂದು ತೀರ್ಪು ಕೊಟ್ಟರು. ಅದನ್ನು ಕೇಳಿಸಿಕೊಂಡ ಮಹಡಿ ಮನೆಯ ಗಣಿತದ ಮೇಷ್ಟ್ರು ಕೆಳಗಿಳಿದು ಬಂದರು. ಬೆಣ್ಣೆ ನೀರಿನಲ್ಲಿ ತೇಲುತ್ತದೆ, ಅಂದಮೇಲೆ ನೀರಿಗಿಂತ ಹಗುರ, ನೂರಾ ಎಂಬತ್ತೆರಡೇ ಗ್ರಾಂ ಎಂದರು. ಹದಿನೆಂಟು ಗ್ರಾಂ ಬೆಣ್ಣೆಗಾಗಿ ಇಬ್ಬರೂ ಒಂದು ಗಂಟೆ ಕಿತ್ತಾಡಿದರು. ಆ ಅರ್ಧ ಲೋಟ ನೀರು ಏಕೆಂದು ಮಾತ್ರ ಯಾರೂ ಯೋಚಿಸಲಿಲ್ಲ.

ಕೊನೆಗೆ ಮೇಷ್ಟ್ರೇ ಗೆದ್ದರು. ಮೈದಾ, ಸಕ್ಕರೆ, ಮೇಷ್ಟ್ರ ಲೆಕ್ಕದ ಬೆಣ್ಣೆ, ಜೊತೆಗೆ ಅರ್ಧ ಲೋಟ ನೀರು ಎಲ್ಲವೂ ಸೇರಿ ಓವನ್ನಿಗೆ ಹೋಯಿತು. ಹೊರಗೆ ಬಂದದ್ದು ಗೋಡೆಗೆ ಪೋಸ್ಟರು ಅಂಟಿಸುವ ಗೋಂದು. ಸಲಹೆಗಾರರಿಬ್ಬರಿಗೂ ಮನೆಯಲ್ಲಿ ತುರ್ತು ಕೆಲಸ ನೆನಪಾಗಿ ಮೆಲ್ಲನೆ ಜಾಗ ಖಾಲಿ ಮಾಡಿದರು.

ಗಂಟೆ ಮೂರಾಗಿತ್ತು. ಮುಳ್ಳಪ್ಪ ಸಪ್ಪೆ ಮೋರೆ ಹಾಕಿಕೊಂಡು ಲೋಟ ತೊಳೆಯಲು ನಿಂತ. ಜಗಳದಲ್ಲಿ ಮಿಕ್ಕಿದ್ದ ಬೆಣ್ಣೆಯ ತುಂಡು ಕೈಜಾರಿ ನೀರು ತುಂಬಿದ್ದ ಲೋಟಕ್ಕೆ ಬಿತ್ತು. ಒಂದಿಷ್ಟು ನೀರು ತುಳುಕಿತು. ಅವನ ಕೈ ಅಲ್ಲೇ ನಿಂತಿತು.

ಆಗ ಅವನಿಗೆ ಆರು ವರ್ಷ. ಮೇಜಿಗೆ ಗಲ್ಲವೂರಿ ನಿಂತಿರುತ್ತಿದ್ದ. ಅಮ್ಮ ಅರ್ಧ ಲೋಟ ನೀರಿಗೆ ಬೆಣ್ಣೆಯನ್ನು ಚೂರುಚೂರಾಗಿ ಬಿಟ್ಟು, ತೇಲಿದ್ದನ್ನು ಬೆರಳಿನಿಂದ ಒತ್ತುತ್ತಿದ್ದಳು. ನೀರು ಅಂಚಿಗೆ ಬಂದಾಗ “ಸಾಕಮ್ಮ” ಎನ್ನುವುದು ಇವನ ಕೆಲಸ. ಆಮೇಲೆ ಅವಳು ನೀರನ್ನು ಬಸಿದು ಚೆಲ್ಲುತ್ತಿದ್ದಳು. ನೀರು ಇದ್ದದ್ದು ಅಳತೆಗೆ ಮಾತ್ರ, ಬೆಣ್ಣೆ ಅರ್ಧವೇ ಲೋಟ. ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಆ ನೆನಪು, ಮುಳ್ಳಪ್ಪ ನಿಂತಲ್ಲೇ ಅತ್ತುಬಿಟ್ಟ. ನಂತರ ಓಡಿಹೋಗಿ ಇನ್ನೊಂದು ಪೊಟ್ಟಣ ಬೆಣ್ಣೆ ತಂದ.

ಸಂಜೆ ಬಂದ ಅಕ್ಕ ಒಂದು ಬಿಸ್ಕತ್ತು ಕಚ್ಚಿ ಕಣ್ಣು ಮುಚ್ಚಿದಳು. ಇನ್ನೊಂದು ತೆಗೆದುಕೊಂಡಳು.

“ಅದೇ ಕಣೋ. ಅಮ್ಮನೇ ಮಾಡಿಕೊಟ್ಟ ಹಾಗಿದೆ. ಈ ಪುಸ್ತಕ ನೋಡಿ ಹೇಗೆ ಮಾಡಿದೆಯೋ?”

ಮುಳ್ಳಪ್ಪ ಉಬ್ಬಿಹೋದ. “ಪುಸ್ತಕ ಯಾವ ಲೆಕ್ಕ ಅಕ್ಕಾ? ಅದನ್ನ ನಂಬಿದ್ರೆ ಕೆಟ್ಟೆ. ಅಮ್ಮ ಅಳೀತಿದ್ದದ್ದು ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ.”

ಅಕ್ಕ ಕಣ್ಣೊರೆಸಿಕೊಂಡು ಪುಸ್ತಕವನ್ನೆತ್ತಿ ಬ್ಯಾಗಿಗೆ ಹಾಕಿಕೊಂಡಳು. “ನಿನಗಾದ್ರೆ ಅಮ್ಮ ಕಣ್ಮುಂದೆ ಇದ್ದಾಳೆ. ನನಗೆ ಅವಳ ಅಕ್ಷರ ಆದ್ರೂ ಇರ್ಲಿ.”

ಮಿಕ್ಕ ಬಿಸ್ಕತ್ತುಗಳನ್ನೂ ಮುಳ್ಳಪ್ಪನೇ ಅವಳಿಗೆ ಕಟ್ಟಿಕೊಟ್ಟ.