ಬೀರುವಿನ ಬಾಗಿಲು ಕಟ್ಟಿಕೊಂಡ ಜೀಪು

ದೊಡ್ಡ ಸಾಹೇಬರ ಕಚೇರಿ ನಮಗೆ ಒಂದು ರಸ್ತೆ ಬಾಕಿ ಉಳಿಸಿಕೊಂಡಿದೆ. ಊರಂಚಿನಿಂದ ಇಟ್ಟಿಗೆ ಗೂಡಿನ ಕಾಲೊನಿಯವರೆಗಿನ ರಸ್ತೆ. ನಕ್ಷೆಯಲ್ಲಿ ಅದು ನೀಟಾದ ಕಪ್ಪು ಗೆರೆ; ನೆಲದ ಮೇಲೆ ಬರೀ ಕೆಸರು. ಈ ಬಾಕಿ ವಸೂಲಿಗೆಂದು ನಾನು ಧರಣಿ ಕೂತಿದ್ದೇನೆ, ಉಪವಾಸ ಮಲಗಿದ್ದೇನೆ, ಮೆರವಣಿಗೆ ನಡೆದಿದ್ದೇನೆ. ನಾನು ಕೂತರೂ ಮಲಗಿದರೂ ನಡೆದರೂ ಸಾಹೇಬರು ಅಲುಗಿದ್ದಿಲ್ಲ. ಕೊನೆಗೆ ಈ ಮಳೆಗಾಲದಲ್ಲಿ ಹೊಸ ಹೋರಾಟ ಘೋಷಿಸಿದೆ. ರಸ್ತೆ ಗಾಡಿಗೆ ತಕ್ಕಂತೆ ಆಗದಿದ್ದರೆ ಹಾಳಾಗಿ ಹೋಗಲಿ, ಗಾಡಿಯನ್ನೇ ರಸ್ತೆಗೆ ತಕ್ಕಂತೆ ಮಾಡುತ್ತೇನೆ!

ಘೋಷಣೆ ನಡೆದದ್ದು ನಮ್ಮ ಅಡುಗೆಮನೆಯಲ್ಲಿ. ಸಭಿಕರ ಸಂಖ್ಯೆ ಒಂದು, ಅದು ನನ್ನ ಹೆಂಡತಿ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಮಾತಿನ ಪ್ರಭಾವ ಅಂದುಕೊಂಡೆ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು.

ಅವಳು ಕಾಲೊನಿಯ ಎರಡು ಕೋಣೆಯ ಆಸ್ಪತ್ರೆಯ ನರ್ಸು. ವೈದ್ಯರು ಆಗೀಗ ಬರುತ್ತಾರೆ, ಇವಳು ದಿನಾ ಹೋಗುತ್ತಾಳೆ. ಕಾಲೊನಿಗೆಲ್ಲ ಇವಳು ಸಿಸ್ಟರ್. ಹಾಗಾಗಿ ನಾನು ಕಾಲೊನಿಗೆಲ್ಲ ಭಾವ. ಇಷ್ಟೊಂದು ಭಾವಮೈದುನರಿರುವ ಗಂಡಸು ಭೂಮಿಯ ಮೇಲೆ ಇನ್ನೊಬ್ಬನಿರಲಾರ.

ಆ ಆಸ್ಪತ್ರೆಗೇ ಈಗ ಕುತ್ತು ಬಂದಿತ್ತು. ಮಳೆಗಾಲದಲ್ಲಿ ಅದು ಹೊತ್ತಿಗೆ ಸರಿಯಾಗಿ ತೆರೆಯುವುದಿಲ್ಲ ಎಂದು ಯಾರೋ ದೂರಿದ್ದರಂತೆ. ರಸ್ತೆಯೂ ಆಸ್ಪತ್ರೆಯೂ ಒಬ್ಬರೇ ದೊಡ್ಡ ಸಾಹೇಬರ ಕೈಯಲ್ಲಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರೇ ಬಂದು ನೋಡುವವರಿದ್ದರು. ಬಾಗಿಲಿಗೆ ಬೀಗ ಕಂಡರೆ ಆ ಬೀಗವೇ ಕಾಯಂ. ಆಸ್ಪತ್ರೆ ಪೇಟೆಗೆ ಎತ್ತಂಗಡಿ. ಆಮೇಲೆ ಗೂಡಿನ ಹೆಂಗಸರು ತುಂಬಿದ ಹೊಟ್ಟೆ ಹೊತ್ತು ಆ ಕೆಸರು ದಾಟಿ ಪೇಟೆಗೆ ಹೋಗಿ ಹೆರಬೇಕು.

“ನಾನು ಎಂದಿನ ಹಾಗೆ ನಡ್ಕೊಂಡೇ ಹೋಗ್ತೀನಿ. ಸೋಮವಾರ ಒಂದಿಷ್ಟು ಬೇಗ ಹೊರಟ್ರೆ ಆಯ್ತು” ಅಂದಳು ಹೆಂಡತಿ.

ಲಸಿಕೆಯ ಪೆಟ್ಟಿಗೆ ಹೊತ್ತು ನನ್ನ ಹೆಂಡತಿ ಕೆಸರಿನಲ್ಲಿ ನಡೆಯುವುದೇ? ಅದೂ ಬಾಗಿಲಲ್ಲಿ ಜೀಪು ಇರುವಾಗ? ಕಲ್ಲು ಕ್ವಾರಿ ಮುಚ್ಚಿದಾಗ ಹರಾಜಿನಲ್ಲಿ ಕೊಂಡ ಜೀಪು ಅದು. ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೆಯೇ ಇತ್ತು. ಹೊಸದಾಗಿ ಸೇರಿದ್ದು ತುಕ್ಕು ಮಾತ್ರ. ನನ್ನ ಕೈಯಲ್ಲಿದ್ದದ್ದನ್ನೆಲ್ಲ ಕೊಳ್ಳುವಾಗಲೇ ಅದು ನುಂಗಿತ್ತು. ಆದ್ದರಿಂದ ಕೆಸರಿಗೆ ಅದನ್ನು ಸಜ್ಜು ಮಾಡುವ ಕೆಲಸ ಕಾಸು ಬಿಚ್ಚದೆ ಆಗಬೇಕಿತ್ತು.

ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಮನುಷ್ಯ ಗ್ರೀಸು. ಗ್ಯಾರೇಜಿನವನು. ಹಿಂದೆ ನಮ್ಮ ಮೆರವಣಿಗೆಗಳಲ್ಲಿ ಮೈಕು ಹೊರುತ್ತಿದ್ದ. ಪೊಲೀಸರ ಕೈಯಿಂದ ಜಾರಿಕೊಳ್ಳುವುದರಲ್ಲಿ ಹೆಸರು ಮಾಡಿದ್ದಕ್ಕೆ ಆ ಅಡ್ಡಹೆಸರು ಬಂತು. ಈಗ ಗಿರಾಕಿಗಳ ಕೈಯಿಂದ ಜಾರಿಕೊಳ್ಳುತ್ತಾನೆ. ಕೆಸರಲ್ಲಿ ಓಡುವ ಗಾಡಿಗೆ ಬೇಕಾದದ್ದು ಮೂರು ಎಂದು ಅವನು ಪಾಠ ಹೇಳಿದ. ಗಾಡಿ ಎತ್ತರ ನಿಲ್ಲಬೇಕು. ಎಂಜಿನ್ನು ನೀರಿನ ಮೇಲಿಂದ ಉಸಿರಾಡಬೇಕು. ಹೊಟ್ಟೆಯ ಕೆಳಗೆ ಕಲ್ಲು ಬಡಿಯದಂತೆ ಕವಚ ಇರಬೇಕು. ಅಂಗಡಿಯಲ್ಲಿ ಕೊಂಡರೆ ಮನೆ ಮಾರಬೇಕಾಗುತ್ತದೆ, ಮನೆಯಲ್ಲೇ ಹುಡುಕಿದರೆ ಮನೆ ಉಳಿಯುತ್ತದೆ ಎಂದೂ ಸೇರಿಸಿದ. ಮನೆ ಉಳಿಯಿತು, ನಿಜ. ಮನೆಯ ಒಳಗಿದ್ದದ್ದು ಉಳಿಯಲಿಲ್ಲ!

ಮೊದಲು ಎತ್ತರ. ಸ್ಪ್ರಿಂಗು ಮತ್ತು ಆಕ್ಸಲಿನ ನಡುವೆ ನಮ್ಮ ಮಂಚದ ಕಾಲುಗಳನ್ನು ಕತ್ತರಿಸಿ ಇಟ್ಟೆವು. ಟ್ರ್ಯಾಕ್ಟರಿನ ಹಳೆಯ ಮುಂದಿನ ಟೈರು ನಾಲ್ಕು ಸಿಕ್ಕವು; ಮಡ್‌ಗಾರ್ಡಿಗೆ ಉಜ್ಜಿದವು; ಮಡ್‌ಗಾರ್ಡನ್ನೇ ಕತ್ತರಿಸಿದೆವು. ಜೀಪು ಮುಗಿಲಿಗೆ ಎದ್ದು ನಿಂತಿತು, ಮಂಚ ನೆಲ ಹಿಡಿಯಿತು. ಇಷ್ಟಾದ ಮೇಲೆ ಗ್ರೀಸು ಕೆಳಗಿನಿಂದ ಒಂದು ಉದ್ದನೆಯ ಕಬ್ಬಿಣದ ಶಾಫ್ಟು ಹಿಡಿದುಕೊಂಡು ಹೊರಬಂದ. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಒಯ್ಯುವ ಶಾಫ್ಟು ಅದು. ಗಾಡಿ ಎತ್ತರವಾದದ್ದಕ್ಕೆ ಇದು ಈಗ ಅಲ್ಲಿಗೆ ನಿಲುಕುವುದಿಲ್ಲ, ಹಿಂದಿನ ಎರಡು ಚಕ್ರ ಎಳೆದರೆ ಧಾರಾಳವಾಯಿತು ಎಂದ. ನಾಲ್ವರಲ್ಲಿ ಇಬ್ಬರು ದುಡಿಯುವುದು, ಇಬ್ಬರು ಸುಮ್ಮನೆ ಜೊತೆಗೆ ಸುತ್ತುವುದು ನಮ್ಮ ಸಂಘದಲ್ಲೂ ಮಾಮೂಲಿ. ಒಪ್ಪಿಬಿಟ್ಟೆ.

ಎರಡನೆಯದು ಎಂಜಿನ್ನಿನ ಉಸಿರು. ಬಚ್ಚಲಿನ ನೀರು ಹೊರಗೆ ಹರಿಯುವ ಪೈಪನ್ನು ಕಿತ್ತು ಎಂಜಿನ್ನಿಗೆ ಸಿಕ್ಕಿಸಿ, ಗಾಜಿನ ಪಕ್ಕದಿಂದ ತಲೆಯ ಮೇಲಕ್ಕೆ ನಿಲ್ಲಿಸಿದೆವು. ಅಲುಗಾಡಿತು. ಹಳೆಯ ಕೆಂಪು ಬ್ಯಾನರಿನ ಪಟ್ಟಿ ಹರಿದು ಬಿಗಿದು ಕಟ್ಟಿದೆ. ಉಳಿದ ತುದಿ ಗಾಳಿಗೆ ಪಟಪಟ ಹಾರುತ್ತಿತ್ತು. ನೋಡಿ ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಬಚ್ಚಲಿನಿಂದ ಹೆಂಡತಿಯ ದನಿ ಬಂತು.

“ರೀ, ನಾನು ಮೈಮೇಲೆ ಹಾಕ್ಕೊಂಡ ನೀರೆಲ್ಲ ಮಂಚದ ಕೆಳಗೆ ಹೋಗ್ತಾ ಇದೆ.”

“ಮಂಚಕ್ಕೆ ಕೆಳಗೆ ಅಂತ ಈಗ ಇಲ್ಲ ಕಣೇ” ಅಂದೆ. ಸತ್ಯ ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ.

ಮೂರನೆಯದು ಕವಚ. ದಪ್ಪ ತಗಡು ಬೇಕಿತ್ತು. ಇಡೀ ಮನೆ ತಡಕಿದೆವು. ಕೋಣೆಯಲ್ಲಿ ಉಕ್ಕಿನ ಬೀರು ನಿಂತಿತ್ತು, ಮದುವೆಯಲ್ಲಿ ಅವಳ ತವರಿನವರು ಕೊಟ್ಟದ್ದು. ಗ್ರೀಸು ಅದರ ಬಾಗಿಲನ್ನು ಬೆರಳಿನಿಂದ ತಟ್ಟಿ, ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರೂ ಬಾಗಿಲ ಕಡೆ ನೋಡಿದೆವು, ಅವಳು ಬರುತ್ತಿದ್ದಾಳೋ ಎಂದು.

ಸಂಜೆ ಕೆಲಸದಿಂದ ಬಂದ ಹೆಂಡತಿ ಬೀರುವಿನ ಎದುರು ನಿಂತಳು. ಬಾಗಿಲಿದ್ದ ಕಡೆ ಬ್ಯಾನರಿನ ಉಳಿದ ಬಟ್ಟೆಯನ್ನು ನಾನು ಪರದೆಯಾಗಿ ಇಳಿಬಿಟ್ಟಿದ್ದೆ. ಅವಳ ಬಟ್ಟೆಗಳ ಮೇಲೆ ದಪ್ಪ ಅಕ್ಷರದಲ್ಲಿ ‘ಕೊಡುವವರೆಗೂ ಬಿಡೆವು’ ಎಂದಿತ್ತು.

“ತವರಿನ ಬೀರು” ಎಂದಷ್ಟೇ ಅಂದಳು.

ಆಸ್ಪತ್ರೆ ಉಳಿಯಬೇಕೋ ಬೀರು ಉಳಿಯಬೇಕೋ ಎಂದು ನಾನು ಸಭೆಯ ದನಿಯಲ್ಲಿ ಕೇಳಿದೆ. ಎರಡೂ ಉಳಿಯುವ ದಾರಿ ತನ್ನ ಕಾಲಲ್ಲೇ ಇತ್ತು ಎಂದಳು. ಕೇಳಿಸದವನ ಹಾಗೆ ಹೊರಗೆ ಹೋಗಿ ಟೈರಿಗೆ ಒದ್ದು ನೋಡಿದೆ. ಗಟ್ಟಿಯಿತ್ತು. ಕಾಲು ನೋಯಿತು.

ಸೋಮವಾರ ಹೊರಟೆವು. ಜೀಪು ಎಷ್ಟು ಎತ್ತರವಾಗಿತ್ತೆಂದರೆ ಹೆಂಡತಿ ಅಡುಗೆಮನೆಯ ಸ್ಟೂಲು ಹಾಕಿಕೊಂಡು ಹತ್ತಬೇಕಾಯಿತು. ಇಳಿಯಲು ಬೇಕೆಂದು ಸ್ಟೂಲನ್ನೂ ಒಳಗೆ ಎಳೆದುಕೊಂಡಳು. ಮಡಿಲಲ್ಲಿ ಲಸಿಕೆಯ ಪೆಟ್ಟಿಗೆ, ಕೈಯಲ್ಲಿ ಆಸ್ಪತ್ರೆಯ ಬೀಗದ ಕೈ. ಗಟ್ಟಿ ನೆಲದ ಮೇಲೆ ಜೀಪು ರಾಜಗಾಂಭೀರ್ಯದಿಂದ ಓಡಿತು. ಕೆಸರಿಗೆ ಇಳಿಯುವ ಮುನ್ನ ಬೇಕಾದರೆ ಕಣ್ಣು ಮುಚ್ಚಿಕೋ ಎಂದೆ. ಮುಚ್ಚಿದರೆ ನಿಮ್ಮ ಮುಖ ನೋಡೋದು ತಪ್ಪಿಹೋಗುತ್ತೆ ಎಂದಳು.

ಕೆಸರಿಗೆ ಇಳಿದೆವು. ಅರ್ಧ ದಾರಿ ಹೋದೆವು. ಅಲ್ಲಿ ಜೀಪು ಒಮ್ಮೆ ಹೂಂಕರಿಸಿ, ಸೊಂಟ ತಿರುಗಿಸಿ, ರಸ್ತೆಗೆ ಪೂರ್ತಿ ಅಡ್ಡವಾಗಿ ಕೂತಿತು. ಚಕ್ರಗಳು ತಿರುಗಿಯೇ ತಿರುಗಿದವು. ಗಾಡಿ ಕದಲಲಿಲ್ಲ. ಬಗ್ಗಿ ನೋಡಿದಾಗ ತಿಳಿಯಿತು. ಮಂಚದ ಕಾಲಿನಿಂದ ಮೇಲೆ ಎತ್ತಿದಷ್ಟನ್ನೂ ಬೀರುವಿನ ಬಾಗಿಲು ಕಟ್ಟಿ ಕೆಳಗೆ ಇಳಿಸಿದ್ದೆವು! ಬಾಗಿಲು ಸಲಿಕೆಯ ಹಾಗೆ ಕೆಸರು ಬಾಚಿಕೊಂಡು, ಕಾವಿಗೆ ಕೂತ ಕೋಳಿಯಂತೆ ಜೀಪನ್ನು ಕೂರಿಸಿಬಿಟ್ಟಿತ್ತು.

ಹೆಂಡತಿ ಸ್ಟೂಲು ಕೆಳಗಿಟ್ಟಳು; ಅದು ಕಣ್ಣೆದುರೇ ಮುಳುಗಿತು. ಹಾರಿ ಇಳಿದಳು. ಚಪ್ಪಲಿ ಕಳಚಿ ಸೀಟಿನ ಮೇಲೆ ಎಸೆದಳು, ಯೂನಿಫಾರಂ ಮೊಣಕಾಲಿಗೆ ಎತ್ತಿ ಕಟ್ಟಿದಳು, ಪೆಟ್ಟಿಗೆಯನ್ನು ಹೆಗಲಿಗೆ ಏರಿಸಿಕೊಂಡಳು.

“ನಾನು ಹೊರಟೆ. ನೀವು ನಿಮ್ಮ ಬೀರು ಕಾಯ್ಕೊಂಡಿರಿ.”

ಗೂಡುಗಳ ಆಚೆ ದಿಬ್ಬದ ಮೇಲೆ ಆಸ್ಪತ್ರೆ ಕಾಣುತ್ತಿತ್ತು, ಮುಚ್ಚಿದ ನೀಲಿ ಬಾಗಿಲು ಸಮೇತ. ಇವಳು ಮುಟ್ಟುವುದರೊಳಗೆ ಸಾಹೇಬರು ಮುಟ್ಟಿದರೆ ಕಥೆ ಮುಗಿಯಿತು. ಹಿಂದಿನಿಂದ ಹೋಗಿ ಪೆಟ್ಟಿಗೆಯನ್ನಾದರೂ ಹೊರೋಣ ಎಂದರೆ ಮೆರವಣಿಗೆಗಳಲ್ಲಿ ಸವೆದ ನನ್ನ ಮೊಣಕಾಲು ಕೆಸರಿಗೆ ಬಗ್ಗುವ ಮೊಣಕಾಲಲ್ಲ. ಬಾನೆಟ್ಟಿನ ಮೇಲೆ ಹತ್ತಿ ಕಾಲೊನಿಯ ಕಡೆ ಕೈ ಎತ್ತಿ ಕೂಗಿದೆ.

ಜನ ಓಡಿ ಬಂದರು. ಬಂದವರು ಕಂಡದ್ದೇನು? ರಸ್ತೆಗೆ ಅಡ್ಡ ನಿಂತ ಗಾಡಿ. ಮೇಲೆ ಹಾರುತ್ತಿರುವ ಕೆಂಪು ಬಟ್ಟೆ. ಅದರ ಪಕ್ಕ ಕೈ ಎತ್ತಿ ನಿಂತ ಭಾವ. ಭಾವ ರಸ್ತೆ ತಡೆ ಶುರು ಮಾಡಿದ್ದಾನೆ, ನಮಗೆ ಹೇಳಲೇ ಇಲ್ಲವಲ್ಲ ಎಂದು ಬೇಸರಪಟ್ಟುಕೊಂಡು, ಅಷ್ಟೂ ಜನ ಸಾಲಾಗಿ ಕೆಸರಿನಲ್ಲಿ ಕೂತೇಬಿಟ್ಟರು.

“ಯಾರಾದ್ರೂ ಹಗ್ಗ ತನ್ರೋ” ಎಂದು ಕೂಗಿದೆ.

“ಹಗ್ಗ ತನ್ರೋ! ಹಗ್ಗ ತನ್ರೋ!” ಎಂದರು ಎಲ್ಲರೂ, ಮುಷ್ಟಿ ಎತ್ತಿ.

“ಅಯ್ಯೋ, ಹಾಗಲ್ಲ.”

“ಹಾಗಲ್ಲ! ಹಾಗಲ್ಲ!”

ತಪ್ಪು ಅವರದಲ್ಲ. ಮುಂದೆ ನಿಂತವನು ಏನೇ ಹೇಳಲಿ, ಎರಡು ಸಲ ತಿರುಗಿ ಕೂಗಬೇಕು, ಮಧ್ಯೆ ಪ್ರಶ್ನೆ ಕೇಳಬಾರದು ಎಂದು ಕಲಿಸಿದವನು ನಾನೇ. ಶಿಸ್ತು ಎಂದರೆ ಅದು. ಕಲಿಸುವಾಗ ನಾನೇ ಒಂದು ದಿನ ನಿಜವಾಗಿ ಹಗ್ಗ ಕೇಳಬೇಕಾದೀತು ಎಂದು ಹೊಳೆದಿರಲಿಲ್ಲ.

ಅಷ್ಟರಲ್ಲಿ ಹಿಂದೆ ಸಾಹೇಬರ ಕಾರು ಬಂದು, ನನ್ನ ಜೀಪಿನ ಪಕ್ಕ ಜಾಗ ಹುಡುಕಲು ಹೋಗಿ ಕೆಸರಲ್ಲಿ ಹೂತಿತು. ಸಾಹೇಬರು ಕೊಡೆ ಬಿಚ್ಚಿ ಇಳಿದರು. ಘೋಷಣೆ ಕೇಳಿದರು. ಅವರ ಕೈ ತಾನಾಗಿ ಕುತ್ತಿಗೆಗೆ ಹೋಯಿತು.

“ಏನ್ರೀ, ಹಗ್ಗ ಯಾರಿಗೆ?”

ಬಾಯಿ ತೆರೆದೆ. ಜೀಪಿಗೆ ಎನ್ನಬೇಕು, ಅಷ್ಟೇ. ಆದರೆ ಕಣ್ಣು ದಿಬ್ಬದ ಕಡೆ ಹೋಯಿತು. ಬಿಳಿ ಚುಕ್ಕೆಯೊಂದು ಆ ಪೆಟ್ಟಿಗೆ ಹೊತ್ತು ಇನ್ನೂ ಗೂಡುಗಳ ನಡುವೆಯೇ ತೆವಳುತ್ತಿತ್ತು. ಬಾಯಿ ಮುಚ್ಚಿದೆ.

“ನಿಮ್ಮ ಬೇಡಿಕೆ ಏನು ಹೇಳಿ, ಬೇಗ” ಎಂದರು ಸಾಹೇಬರು.

ಇಷ್ಟು ವರ್ಷ ಕಚೇರಿಯ ಬಾಗಿಲಲ್ಲಿ ಗಂಟಲು ಹರಿದುಕೊಂಡರೂ ಯಾರೂ ಕೇಳದ ಪ್ರಶ್ನೆ ಅದು. ಬೇಗ ಎಂದರಲ್ಲ, ಅದಕ್ಕೇ ನಿಧಾನವಾಗಿ ಶುರು ಮಾಡಿದೆ. ರಸ್ತೆಯ ಹುಟ್ಟಿನಿಂದ ಹಿಡಿದೆ. ದೀಪದ ಕಂಬಕ್ಕೆ ಬಂದೆ, ಚರಂಡಿಗೆ ಇಳಿದೆ, ನಲ್ಲಿಯ ಹತ್ತಿರ ನೀರು ಕುಡಿದು ಸುಧಾರಿಸಿಕೊಂಡೆ. ಪ್ರತಿ ಮಾತನ್ನೂ ಜನ ಎರಡೆರಡು ಸಲ ಕೂಗಿದ್ದರಿಂದ ಭಾಷಣ ಮೂರು ಪಟ್ಟು ಉದ್ದವಾಯಿತು. ಅವರ ಶಿಸ್ತಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಸಾಹೇಬರ ಬೂಟಿನೊಳಗೆ ಕೆಸರು ಸೇರಿತು, ಆಮೇಲೆ ಕಾಲುಚೀಲಕ್ಕೆ, ಆಮೇಲೆ ಪ್ಯಾಂಟಿಗೆ. ನಮ್ಮ ಕೆಸರು ಅರ್ಜಿಯ ಮೂಲಕ ಎಷ್ಟೋ ಸಲ ಅವರ ಮೇಜಿಗೆ ಹೋಗಿತ್ತು. ಮೈಗೆ ಹತ್ತಿದ್ದು ಅವತ್ತೇ.

ದಿಬ್ಬದ ಮೇಲೆ ನೀಲಿ ಬಾಗಿಲು ತೆರೆಯಿತು. ಕಿಟಕಿಯೂ ತೆರೆಯಿತು. ನಾನು ಮಾತನ್ನು ನಡುವೆಯೇ ಕತ್ತರಿಸಿದೆ.

“ಇನ್ನು ಕೊನೇ ಬೇಡಿಕೆ ಸಾಹೇಬ್ರೇ. ತಳ್ಳಿ.”

“ಅದನ್ನೆಲ್ಲ ಹೋದ ವರ್ಷವೇ ತಳ್ಳಿಹಾಕಿದ್ದೀವಲ್ರೀ.”

“ಬೇಡಿಕೆ ಅಲ್ಲ, ಜೀಪು. ಹೂತುಕೊಂಡಿದೆ.”

ಜನ ಈ ಸಲ ತಿರುಗಿ ಕೂಗಲಿಲ್ಲ. ಮೊದಲ ಸಾಲಿನ ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಎದ್ದ ನಗುವಿಗೆ ಇಟ್ಟಿಗೆ ಗೂಡು ಬಿರುಕು ಬಿಡದಿದ್ದದ್ದೇ ಹೆಚ್ಚು. ತಳ್ಳಿದರು. ಸಾಹೇಬರೂ ಕೈ ಹಚ್ಚಿದರು. ಅವರ ಒಂದು ಬೂಟು ಒಳಗೆ ಹೋದದ್ದು ಮತ್ತೆ ಬರಲಿಲ್ಲ. ಜೀಪು ಇನ್ನೂ ಕೆಳಗೆ ಇಳಿಯಿತು.

ಸಾಹೇಬರು ಕುಂಟುತ್ತ ದಿಬ್ಬ ಹತ್ತಿದರು. ಹಿಂದೆ ನಾನು, ಇಬ್ಬರು ಭಾವಮೈದುನರ ಹೆಗಲ ಮೇಲೆ. ಒಳಗೆ ಹೆಂಡತಿ ಕೈ ತೊಳೆದು, ಸಾಲು ನಿಲ್ಲಿಸಿ, ಆಗಲೇ ಒಂದು ಕೂಸನ್ನು ಚುಚ್ಚಿ ಅಳಿಸಿದ್ದಳು. ಸಾಹೇಬರು ಅವಳ ಬರಿಗಾಲು ನೋಡಿದರು.

“ಹೇಗೆ ಬಂದಿರಿ ಸಿಸ್ಟರ್?”

“ನಡ್ಕೊಂಡು ಸರ್.”

“ಗಾಡಿ ಸಿಗಲಿಲ್ವೇ?”

“ದಾರಿಗೆ ಅಡ್ಡ ಯಾವನೋ ಒಂದು ಬೀರು ನಿಲ್ಲಿಸಿದ್ದ ಸರ್” ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಸ್ಪತ್ರೆ ಉಳಿಯಿತು. ತೆರೆದ ಬಾಗಿಲಿಗೆ ಬೀಗ ಬರೆಯಲು ಸಾಹೇಬರಿಗೂ ಆಗಲಿಲ್ಲ. ಅದೂ ಅಲ್ಲದೆ ಒಂದು ಬೂಟು ಕಳೆದುಕೊಂಡ ಮನುಷ್ಯ ಆಸ್ಪತ್ರೆಯ ಬೆಂಚಿನಿಂದಲೇ ಕಚೇರಿಗೆ ಫೋನು ಮಾಡಿ, ಈ ರಸ್ತೆಗೆ ಜಲ್ಲಿ ಕಳಿಸಿ ಎಂದ. ಕಾಲೊನಿಯವರು ನನ್ನನ್ನು ಎತ್ತಿಕೊಂಡು ಕುಣಿದರು.

ಜಲ್ಲಿಯ ಲಾರಿಗಳು ಬಂದವು. ಬಂದು, ನಿಂತವು. ಮುಂದೆ ಹೋಗಲು ದಾರಿಯಿಲ್ಲ. ಜೀಪು ಅಡ್ಡ ಇದೆ. ಸಾಹೇಬರ ಕಾರನ್ನು ಅವತ್ತೇ ಎಳೆದು ತೆಗೆದಿದ್ದ ಟ್ರ್ಯಾಕ್ಟರನ್ನೇ ತಂದು ಎಳೆಸಿದೆವು, ಬಂಪರು ಮಾತ್ರ ಬಂತು. ಗ್ರೀಸು ಫೋನು ಎತ್ತುತ್ತಿಲ್ಲ. ಭಾನುವಾರದೊಳಗೆ ದಾರಿ ತೆರವಾಗದಿದ್ದರೆ ಜಲ್ಲಿ ಬೇರೆ ಊರಿಗೆ ಹೋಗುತ್ತದೆ ಎಂದು ಕಚೇರಿಯವರು ಹೇಳಿ ಕಳಿಸಿದ್ದಾರೆ. ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಹೊರಳುತ್ತಿದ್ದ ನನಗೆ ಹೆಂಡತಿ ಅಂದಳು.

“ಇಷ್ಟು ವರ್ಷ ರಸ್ತೆಗೆ ಅವರು ಅಡ್ಡ ಇದ್ದಾರೆ ಅಂತ ಕೂಗಿದ್ರಿ. ಈಗ ನೀವೇ ಅಡ್ಡ ಇದ್ದೀರ. ಯಾರ ಮೇಲೆ ಕೂಗ್ತೀರೋ ಕೂಗಿ, ಕೇಳೋಣ.”

ಆದ್ದರಿಂದ ನಿಮ್ಮ ಮೇಲೆ ಕೂಗುತ್ತಿದ್ದೇನೆ. ಇಲ್ಲಿಯವರೆಗೆ ಓದಿ ಹಲ್ಲು ಬಿಟ್ಟಿದ್ದು ಸಾಕು. ಭಾನುವಾರ ಬೆಳಿಗ್ಗೆ ಚಪ್ಪಲಿ ಬಿಟ್ಟು ಬನ್ನಿ, ಜೊತೆಗೆ ಇನ್ನೊಬ್ಬರನ್ನು ಎಳೆದು ತನ್ನಿ. ಸಹಾನುಭೂತಿ ಬೇಡ, ಸಲಹೆ ಬೇಡವೇ ಬೇಡ. ಹೆಗಲು ಕೊಡಿ. ತಳ್ಳಿ!