ಫುಟ್‌ಬಾಲ್ ಕ್ಲಬ್ಬಿನ ನಾಮಕರಣ

ಕತ್ರಿಗುಪ್ಪೆಯ ಫುಟ್‌ಬಾಲ್ ಕ್ಲಬ್ಬು ದಿವಾಳಿಯಾಯಿತೆಂಬ ಸುದ್ದಿ ಬಂದ ದಿನ ಅಂಜನಮ್ಮ ಯಾರಿಗೂ ಕಾಣದ ಹಾಗೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. (ತುಪ್ಪವನ್ನು ಸ್ವಲ್ಪ ಧಾರಾಳವಾಗಿಯೇ ಹಾಕಿದಳು. ಅಷ್ಟು ಸಂತೋಷ.)

ಅವಳ ಸಂಕಟ ಅವಳಿಗೇ ಗೊತ್ತು. ಮದುವೆಯಾದಾಗಿನಿಂದ ಭಾನುವಾರ ಎನ್ನುವ ದಿನದಲ್ಲಿ ಅವಳಿಗೆ ಗಂಡ ಇರಲಿಲ್ಲ. ಯಲ್ಲಯ್ಯ ಬೆಳಕು ಹರಿಯುವ ಮೊದಲೇ ಕೊರಳಿಗೆ ನೀಲಿ ಮಫ್ಲರ್ ಸುತ್ತಿಕೊಂಡು ಮೈದಾನಕ್ಕೆ ಹೊರಟರೆ, ಸಂಜೆ ಬರುವಾಗ ಮಫ್ಲರ್ ಇರುತ್ತಿತ್ತು, ಗಂಟಲು ಇರುತ್ತಿರಲಿಲ್ಲ. ಆಮೇಲೆ ಊಟದ ತಟ್ಟೆಯಲ್ಲೇ ಪಂದ್ಯ ಮತ್ತೊಮ್ಮೆ ನಡೆಯುತ್ತಿತ್ತು. ಅನ್ನದ ಗುಡ್ಡೆ ಗೋಲು, ಅದರ ಮುಂದೆ ನಿಂತ ಹಪ್ಪಳ ಗೋಲ್‌ಕೀಪರ್, ಉಪ್ಪಿನಕಾಯಿ ಹೋಳು ಚೆಂಡು. ಹಾಗೆಂದು ಯಲ್ಲಯ್ಯ ಆಟಗಾರನೇನಲ್ಲ. ಜೀವಮಾನದಲ್ಲಿ ಒಂದು ಚೆಂಡನ್ನೂ ಒದ್ದವನಲ್ಲ. ಕ್ಲಬ್ಬಿನಲ್ಲಿ ಅವನದು ಬೈಯುವ ಖಾತೆ.

ಕ್ಲಬ್ಬನ್ನು ಸಾಕುತ್ತಿದ್ದದ್ದು ಚಂದ್ರಹಾರ ಲೇಔಟ್ಸ್ ಎಂಬ ಸೈಟು ಮಾರುವ ಕಂಪನಿ. ಹಾಗಾಗಿ ಕ್ಲಬ್ಬಿನ ಹೆಸರೂ ಚಂದ್ರಹಾರ ಎಫ್‌ಸಿ. ಸೈಟುಗಳು ಖರ್ಚಾಗದೆ ಕೂತವು. ಒಂದು ದಿನ ಕಂಪನಿಯವನು ಬಂದು, "ಇನ್ಮೇಲೆ ನಮ್ಮ ಹೆಸರು ಹಾಕ್ಕೋಬೇಡಿ" ಎಂದು ಹೇಳಿ, ಬ್ಯಾನರ್ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗಿಬಿಟ್ಟ. ಮೈದಾನದ ಬಾಡಿಗೆ ನಿಂತಿತು, ರೆಫರಿಯ ಫೀಸು ನಿಂತಿತು. ಬೂಟುಗಳು ಎಷ್ಟು ಕಡಿಮೆಯಾದವೆಂದರೆ, ಆಟಗಾರನನ್ನು ಬದಲಾಯಿಸಬೇಕಾದರೆ ಒಳಗಿದ್ದವನು ಹೊರಗೆ ಬಂದು ಬೂಟು ಬಿಚ್ಚಿ ಕೊಡಬೇಕು, ಹೊರಗಿದ್ದವನು ಅದನ್ನು ಹಾಕಿಕೊಂಡು ಒಳಗೆ ಓಡಬೇಕು. ಅಷ್ಟರಲ್ಲಿ ಎದುರಿನವರು ಗೋಲು ಹೊಡೆದು ನೀರು ಕುಡಿಯುತ್ತಿದ್ದರು.

ಆ ಭಾನುವಾರ ಅಂಜನಮ್ಮ ಖುಷಿಯಿಂದ ನಾಟಿ ಕೋಳಿ ಸಾರು ಮಾಡಿದಳು. ಯಲ್ಲಯ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ರೀ, ಏಳಿ, ಮುದ್ದೆ ಆರೋಗುತ್ತೆ."

"ಸಾವಾಗಿರೋ ಮನೇಲಿ ಕೋಳಿ ತಿಂತಾರೇನೇ?"

"ಅಯ್ಯೋ! ಯಾರು ಸತ್ರು?"

"ಕ್ಲಬ್ಬು!"

ಅಂಜನಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾಲ್ಕು ದಿನ ಅತ್ತು ಸರಿಹೋಗುತ್ತಾನೆ, ಆಮೇಲೆ ಭಾನುವಾರವೆಲ್ಲ ನನ್ನದೇ ಎಂದುಕೊಂಡಳು. ಭಾನುವಾರವೇನೋ ಅವಳದೇ ಆಯಿತು. ಆದರೆ ಅದರೊಳಗೆ ಯಲ್ಲಯ್ಯನೂ ಇದ್ದ.

ಕ್ಲಬ್ಬು ಮುಳುಗಿದರೆ ಆಟಗಾರರು ಬೇರೆ ಕ್ಲಬ್ಬಿಗೆ ಹೋಗಬಹುದು. ಬೆಂಬಲಿಗರು ಎಲ್ಲಿಗೆ ಹೋಗುತ್ತಾರೆ? ಮನೆಗೆ! ಈ ಸತ್ಯ ಅಂಜನಮ್ಮನಿಗೆ ಮುಂದಿನ ವಾರ ಅಡುಗೆಮನೆಯಲ್ಲಿ ಸಾಕ್ಷಾತ್ಕಾರವಾಯಿತು.

"ಲೆಫ್ಟಲ್ಲಿ ನೋಡೇ, ಲೆಫ್ಟಲ್ಲಿ! ಹಾಲು ಮೇಲಕ್ಕೆ ಬರ್ತಿದೆ, ಯಾರೂ ಮಾರ್ಕ್ ಮಾಡ್ತಿಲ್ಲ!" ಯಲ್ಲಯ್ಯ ಬಾಗಿಲಲ್ಲಿ ನಿಂತು ಕೂಗಿದ.

"ಇಲ್ಲಿರೋದೇ ನಾನೊಬ್ಳು. ಯಾರ್ರೀ ಮಾರ್ಕ್ ಮಾಡ್ಬೇಕು?"

"ಅದೇ ಕಣೇ ನಿಂದು ಪ್ರಾಬ್ಲಮ್ಮು. ಡಿಫೆನ್ಸೇ ಇಲ್ಲ. ಎಲ್ಲಾ ಒಲೆ ಹತ್ರಾನೇ ನಿಂತ್ರೆ ಹಿಂದೆ ಬೆಕ್ಕನ್ನ ನೋಡೋರ್ಯಾರು?"

ಒಗ್ಗರಣೆ ಸಿಡಿದರೆ ಚಪ್ಪಾಳೆ, ಸೌಟು ಜಾರಿದರೆ ಬೈಗುಳ. ಇದು ಸಾಲದೆಂದು ಮೈದಾನ ಕಳೆದುಕೊಂಡ ಉಳಿದ ಬೆಂಬಲಿಗರೂ ಒಬ್ಬೊಬ್ಬರಾಗಿ ಬಂದು ಅವಳ ಜಗುಲಿಯ ಮೇಲೆ ಕುಳಿತರು. ನೋಡಲು ಪಂದ್ಯವಿಲ್ಲದ್ದರಿಂದ ರಸ್ತೆಯನ್ನೇ ನೋಡಿದರು. ಸ್ಕೂಟರಿನವನು ಆಟೋವನ್ನು ಹಿಂದೆ ಹಾಕಿದರೆ "ಫೌಲ್!" ಎಂದು ಎದ್ದು ನಿಲ್ಲುತ್ತಿದ್ದರು. ಸೊಪ್ಪಿನವಳು ಈ ಬೀದಿಗೆ ಬರುವುದನ್ನೇ ಬಿಟ್ಟಳು. ಕೂಗಿದ ಗಂಟಲುಗಳಿಗೆಲ್ಲ ಟೀ ಮಾಡಿ ಮಾಡಿ ಅಂಜನಮ್ಮನಿಗೆ ತಿಂಗಳೊಳಗೆ ಜ್ಞಾನೋದಯವಾಯಿತು. ಕ್ಲಬ್ಬು ಬದುಕಬೇಕು. ಇಲ್ಲದಿದ್ದರೆ ತಾನು ಬದುಕುವುದಿಲ್ಲ.

ಸರಿಯಾಗಿ ಆಗಲೇ ಮುತ್ತುರಾಜ ಬಂದ. ಕ್ಲಬ್ಬಿನ ಕ್ಯಾಪ್ಟನ್, ಹೊಟ್ಟೆಪಾಡಿಗೆ ಲಗೇಜ್ ಆಟೋ ಓಡಿಸುವವನು.

"ಅಮ್ಮ, ಲೀಗಿಗೆ ಹೆಸ್ರು ಕೊಡೋಕೆ ಇದೇ ವಾರ ಲಾಸ್ಟು. ದುಡ್ಡಂತೂ ಇಲ್ಲ. ದುಡ್ಡು ಹಾಳಾಗೋಗ್ಲಿ, ಕೊಡೋಕೆ ಹೆಸ್ರೂ ಇಲ್ಲ."

ಅಂಜನಮ್ಮನ ಕೈಯಲ್ಲಿದ್ದ ಟೀ ಸೋಸುವ ಜರಡಿ ಹಾಗೇ ನಿಂತಿತು.

"ಹೆಸ್ರಿಲ್ಲದ ಮಗೂಗೆ ಏನಪ್ಪಾ ಮಾಡ್ತಾರೆ?"

"ಏನ್ಮಾಡ್ತಾರೆ... ನಾಮಕರಣ ಮಾಡ್ತಾರೆ."

"ನಾಮಕರಣಕ್ಕೆ ಬಂದೋರು ಏನ್ಮಾಡ್ತಾರೆ?"

"ಉಣ್ತಾರೆ."

"ಉಂಡು ಸುಮ್ನೆ ಹೋಗ್ತಾರಾ? ಮುಯ್ಯಿ ಮಾಡಲ್ವಾ?"

 ಜಗುಲಿಯ ಮೇಲೆ ಗೋಲು ಹೊಡೆದಂಥ ಕೂಗು ಎದ್ದಿತು.

ಅಂಜನಮ್ಮನ ಯೋಚನೆ ಸರಳವಾಗಿತ್ತು. ಹೊಸಕೆರೆಹಳ್ಳಿಯಿಂದ ವಸಂತಪುರದವರೆಗೆ ನೆಂಟರಿಷ್ಟರ ಮನೆಯಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಅವಳು ಕವರಿನಲ್ಲಿ ದುಡ್ಡಿಟ್ಟು ಮುಯ್ಯಿ ಮಾಡದೆ ಬಂದವಳಲ್ಲ. ತನ್ನ ಮಕ್ಕಳ ಮದುವೆಗಳೆಲ್ಲ ಮುಗಿದಿವೆ, ಮನೆಯಲ್ಲಿ ಇನ್ನು ಶುಭಕಾರ್ಯವಿಲ್ಲ. ಮಾಡಿದ್ದು ವಾಪಸ್ ಬರುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಯಾವುದು?

ತಾರಸಿಯ ಮೇಲೆ ಶಾಮಿಯಾನ ಎದ್ದಿತು. ಅಟ್ಟದಿಂದ ತೊಟ್ಟಿಲು ಇಳಿಯಿತು. ಕ್ಲಬ್ಬಿನ ಚೆಂಡಿಗೆ ಅರಿಶಿನ ಹಚ್ಚಿ, ಎಣ್ಣೆನೀರು ಹಾಕಿ, ಕುಲಾವಿ ತೊಡಿಸಿ, ಕೆನ್ನೆಗೆ (ಚೆಂಡಿಗೆ ಎಲ್ಲಾ ಕಡೆಯೂ ಕೆನ್ನೆಯೇ) ದೃಷ್ಟಿಬೊಟ್ಟು ಇಟ್ಟು ಮಲಗಿಸಿದರು. ಬಂದವರು ಬಿದ್ದು ಬಿದ್ದು ನಕ್ಕರು. ನಕ್ಕರೂ ಹೋಳಿಗೆಯನ್ನು ಎರಡೆರಡು ಸಲ ಹಾಕಿಸಿಕೊಂಡರು, ಮುಯ್ಯಿಯನ್ನೂ ಮಾಡಿದರು. ಹಿರಿಯರೊಬ್ಬರು ನಿಜವಾದ ನಾಮಕರಣವೆಂದೇ ತಿಳಿದು ಬೆಳ್ಳಿ ಉಡಿದಾರ ತಂದಿದ್ದರು. ಕಟ್ಟಲು ಸೊಂಟ ಹುಡುಕಿ ಹುಡುಕಿ ಸೋತರು.

ಹೆಸರಿಡುವ ಹಕ್ಕು ಸೋದರತ್ತೆಯದು. ಯಲ್ಲಯ್ಯನ ತಂಗಿ ಅಣ್ಣಮ್ಮ ರೇಷ್ಮೆ ಸೀರೆಯಲ್ಲಿ ಗಂಭೀರವಾಗಿ ಬಂದು ತೊಟ್ಟಿಲಿಗೆ ಬಾಗಿದಳು. ಏನು ಹೆಸರೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅಲ್ಲೇ ಎಡವಟ್ಟಾಯಿತು. ಮನೆಯ ಮಗುವಿಗೆ ತೀರಿಹೋದ ಹಿರಿಯರ ಹೆಸರಿಡುವುದು ಅವರ ಪದ್ಧತಿ. ಅಣ್ಣಮ್ಮ ಚೆಂಡಿಗೆ ಮೂರು ಸಲ ತನ್ನ ತಾಯಿಯ ಹೆಸರು ಹೇಳಿದಳು.

"ಮುನಿಯಮ್ಮ, ಮುನಿಯಮ್ಮ, ಮುನಿಯಮ್ಮ."

ಅಂಜನಮ್ಮ ಕೈಯಲ್ಲಿದ್ದ ಕಡಲೆ ಬಟ್ಟಲನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. ಬದುಕಿದ್ದಾಗ ಸಾರಿನ ಉಪ್ಪಿನಿಂದ ಹಿಡಿದು ಅವಳ ಬೈತಲೆಯವರೆಗೆ ಎಲ್ಲವನ್ನೂ ತಿದ್ದಿದ್ದ ಅತ್ತೆ, ಇಷ್ಟು ವರ್ಷದ ಮೇಲೆ ಮತ್ತೆ ಮನೆಗೆ ಕಾಲಿಟ್ಟಿದ್ದಳು. ಅದೂ ಹನ್ನೊಂದು ಜೊತೆ ಕಾಲು! ಯಲ್ಲಯ್ಯ ಮಾತ್ರ "ಅಮ್ಮಾ..." ಎಂದು ಚೆಂಡನ್ನು ಎದೆಗವಚಿಕೊಂಡು ಗಳಗಳನೆ ಅತ್ತ.

ಹೀಗೆ ಮುನಿಯಮ್ಮ ಎಫ್‌ಸಿ ಲೀಗಿಗೆ ಇಳಿಯಿತು. ಎಲ್ಲರಿಗೂ ಬೂಟು ಬಂತು. ಭಾನುವಾರ ಯಲ್ಲಯ್ಯ ಮಫ್ಲರ್ ಸುತ್ತಿ ಹೊರಟ, ಜಗುಲಿ ಖಾಲಿಯಾಯಿತು. ಅಂಜನಮ್ಮ ಫ್ಯಾನಿನ ಕೆಳಗೆ ಚಾಪೆ ಹಾಸಿ ಹಾಯಾಗಿ ಕಾಲು ಚಾಚಿದಳು. ಕಣ್ಣು ಇನ್ನೂ ಮುಚ್ಚಿರಲಿಲ್ಲ, ಅಣ್ಣಮ್ಮ ಕುಂಕುಮದ ಭರಣಿ ಹಿಡಿದು ಒಳಗೆ ಬಂದಳು.

"ಅತ್ಗೆ, ಮುಂದಿನ್ ಭಾನುವಾರ ನಮ್ ಮೊಮ್ಮಗಂದು ಕಿವಿ ಚುಚ್ಚೋದು. ಬಂದ್ಬಿಡಿ. ಮುಯ್ಯಿ ಇದೆಯಲ್ಲ."

"ಯಾವ ಮುಯ್ಯಿನೇ? ನಾನು ಮಾಡಿದ್ದನ್ನೇ ಅಲ್ವಾ ನೀವೆಲ್ಲಾ ಅವತ್ತು ತೀರ್ಸಿದ್ದು?"

"ಅಯ್ಯೋ ಶಿವನೇ! ನಿಮ್ ಮುಯ್ಯಿ ನಿಮ್ ಮಕ್ಕಳ ಮದ್ವೇಲೇ ತೀರೋಯ್ತಲ್ಲಾ ಅತ್ಗೆ. ಇದು ಹೊಸ ಮಗೂಗೆ ಮಾಡಿದ್ ಹೊಸ ಮುಯ್ಯಿ."

"ಹಂಗಾದ್ರೆ ಕ್ಲಬ್ನೋರೇ ಬಂದು ತೀರಿಸ್ಲಿ."

"ತೊಟ್ಲಲ್ಲಿರೋ ಕೂಸು ಬಂದು ಮುಯ್ಯಿ ಮಾಡುತ್ತಾ? ತಾಯಿ ಅಲ್ವಾ ಬರ್ಬೇಕು?" ಎಂದು ಅಣ್ಣಮ್ಮ ಅವಳ ಹಣೆಗೆ ಕುಂಕುಮ ಒತ್ತಿದಳು.

ಆಮೇಲೆ ಕುಂಕುಮದ ಭರಣಿಗಳು ಸಾಲುಗಟ್ಟಿದವು. ನಾಮಕರಣಕ್ಕೆ ಉಂಡು ಹೋದ ಒಂದು ಮನೆಯೂ ಮರೆಯಲಿಲ್ಲ. ಎಲ್ಲರಿಗೂ ಭಾನುವಾರವೇ ಬಿಡುವು, ಆದ್ದರಿಂದ ಎಲ್ಲರ ಮುಹೂರ್ತವೂ ಭಾನುವಾರವೇ. ಗಂಡನನ್ನು ಕೇಳಿದರೆ, "ಕ್ಲಬ್ಬಿನ ದುಡ್ಡೆಲ್ಲಾ ಬೂಟಿಗೆ ಹೋಯ್ತು ಕಣೇ, ನಿಂಗೆ ಬರೋ ಮಹಡಿ ಬಾಡಿಗೆ ದುಡ್ಡಲ್ಲಿ ಹಾಕ್ಬಿಡು. ಸ್ವಲ್ಪ ಮೇಲೇನೇ ಹಾಕು, ಅಮ್ಮನ ಹೆಸ್ರಿಗೆ ಕಮ್ಮಿ ಆಗ್ಬಾರ್ದು" ಎಂದ. ಕಂಪನಿ ಬಿಟ್ಟುಹೋದ ಜಾಗದಲ್ಲಿ ತಾನು ಕೂತಿರುವುದು ಅಂಜನಮ್ಮನಿಗೆ ಆಗ ತಿಳಿಯಿತು. ಅವರಿಗಾದರೆ ಬ್ಯಾನರ್ ಇತ್ತು, ಸುತ್ತಿಕೊಂಡು ಹೋದರು. ಇವಳು ಏನು ಸುತ್ತಿಕೊಂಡು ಹೋಗಬೇಕು?

ಈಗ ಪ್ರತಿ ಭಾನುವಾರ ರೇಷ್ಮೆ ಸೀರೆ ಉಟ್ಟು ಆಟೋದಲ್ಲಿ ಛತ್ರಕ್ಕೆ ಹೊರಡುತ್ತಾಳೆ. ದಾರಿಯಲ್ಲಿ ಮೈದಾನ ಸಿಗುತ್ತದೆ. "ಮುನಿಯಮ್ಮಾ, ನುಗ್ಗು! ಬಿಡ್ಬೇಡ ಮುನಿಯಮ್ಮಾ!" ಎಂಬ ಕೂಗಿನಲ್ಲಿ ಗಂಡನ ಗಂಟಲನ್ನು ಗುರುತಿಸುತ್ತಾಳೆ. ಎಷ್ಟೇ ಆಗಲಿ ಸೊಸೆ, ಅತ್ತೆ ಗೆಲ್ಲುತ್ತಿದ್ದಾಳೋ ಇಲ್ಲವೋ ಎಂದು ಒಮ್ಮೆ ಇಣುಕುತ್ತಾಳೆ.

ಮೊನ್ನೆ ಹೊರಡುವಾಗ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಶ್ವೇತ ಬಾಗಿಲ ಹತ್ತಿರ ಸಿಕ್ಕಳು.

"ಆಂಟಿ, ಸಂಡೇ ನಿಮ್ಮನೆ ಎಷ್ಟು ಪ್ರಶಾಂತವಾಗಿರುತ್ತೆ ಗೊತ್ತಾ? ಒಂದು ಸದ್ದಿಲ್ಲ, ಒಂದು ಗಲಾಟೆ ಇಲ್ಲ. ಸಖತ್ ನಿದ್ದೆ ಬರುತ್ತೆ."

"ಹೌದಾ ತಾಯಿ? ನಿಂಗಾದ್ರೂ ಬಂತಲ್ಲ, ಅಷ್ಟು ಸಾಕು" ಎಂದು ಅಂಜನಮ್ಮ ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಆಟೋ ಹತ್ತಿದಳು.