ದೆವ್ವಕ್ಕೆ ದನಿ ಬೇಕಾಗಿತ್ತು

ನಮ್ಮ ಮಾವ ತೆಗೆದ ದೆವ್ವದ ಸಿನಿಮಾ ನೋಡಿ ಇಲ್ಲಿಯವರೆಗೆ ಬೆಚ್ಚಿಬಿದ್ದವರು ಒಬ್ಬರೇ. ಅವರು ನಮ್ಮ ಮಾವ! ಮಿಕ್ಕವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಮಾತ್ರ ಶೂಟಿಂಗ್ ಮುಗಿಯುವ ಮೊದಲೇ ಅದನ್ನು ‘ಕ್ಲಾಸಿಕ್ಕು’ ಅನ್ನತೊಡಗಿದ್ದರು.

ಮಾವನದು ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಕಸುಬು. ಕ್ಯಾಮೆರಾ ಅಂದರೆ ಅವರ ಫೋನು, ಬಂಡವಾಳ ಅಂದರೆ ಅತ್ತೆಯ ತಾಳ್ಮೆ. ನಾಯಕ ನಾನು. ಈ ಮುಖಕ್ಕೆ ಅಷ್ಟು ದೊಡ್ಡ ಪಾತ್ರವೇ ಎಂದು ಕೇಳಬೇಡಿ. ಸಂಬಳ ಕೇಳದ ಮುಖ ಅದೊಂದೇ ಸಿಕ್ಕಿದ್ದು.

ಮೊದಲು ಬುರುಡೆ ಬೇಕಾಯಿತು. ಮಾವ ಲೇತಿನ ಮುಂದೆ ಕೂತು ಮರದಲ್ಲೇ ಒಂದನ್ನು ಕಡೆದರು. ಅಲ್ಲಿಗೆ ನಿಲ್ಲಿಸಿದ್ದರೆ ಭಯಂಕರವಾಗಿಯೇ ಇರುತ್ತಿತ್ತು. ಬಣ್ಣ ಹಚ್ಚದ ಮರವನ್ನು ಅಂಗಡಿಯಿಂದ ಆಚೆ ಕಳಿಸಿ ಅಭ್ಯಾಸವಿಲ್ಲದ ಕೈ ನೋಡಿ! ತಿರುಗುತ್ತಿರುವಾಗಲೇ ಕೆಂಪು, ಹಳದಿ ಅರಗು ಒತ್ತಿ ಪಳಪಳ ಅನ್ನಿಸಿಬಿಟ್ಟರು. ರಾಮನಗರದ ಬಂಡೆಯ ಮೇಲೆ ನಾನು ಆ ಬುರುಡೆ ನೋಡಿ ಕಿರುಚುವ ಹೊತ್ತಿಗೆ, ಮಗು ಎತ್ತಿಕೊಂಡು ಬಂದ ಹೆಂಗಸೊಬ್ಬರು ‘ಈ ಗಿಲಕಿ ಏನ್ ರೇಟು?’ ಅಂದರು. ಮಾವ ಕೊಟ್ಟೇಬಿಟ್ಟರು. ಹಾಗಾಗಿ ಸಿನಿಮಾದ ಉತ್ತರಾರ್ಧದಲ್ಲಿ ನಾನು ತೆಂಗಿನಕಾಯಿ ನೋಡಿ ಹೆದರುತ್ತೇನೆ.

ದೆವ್ವದ ಪಾತ್ರ ಅತ್ತೆಯದು. ರಕ್ತ ಕುಡಿಯುತ್ತೇನೆ ಅನ್ನುವ ಮಾತನ್ನು, ಕಾಫಿ ಕುಡಿಯುತ್ತೀಯಾ ಅನ್ನುವ ಧಾಟಿಯಲ್ಲಿ ಹೇಳೋರು. ಊಟದ ಹೊತ್ತು ಮೀರಿದಾಗ ಕೂದಲು ಕೆದರಿಕೊಂಡ ದೆವ್ವ ತಾಳ್ಮೆಗೆಟ್ಟು, ‘ಮುದ್ದೆ ಆರೋಯ್ತಾ ಐತೆ, ಬರೋರ್ ಬನ್ನಿ!’ ಅಂದಿತು. ಲೇತಿನ ಸದ್ದನ್ನೂ ಮೀರಿ ಮಾವನನ್ನು ದಿನಾ ಊಟಕ್ಕೆ ಎಬ್ಬಿಸುತ್ತಿದ್ದ ಕೂಗು ಅದು. ಮಾವ ಆ ಭಾಗ ಕತ್ತರಿಸಲಿಲ್ಲ.

ಬಂಡೆಯ ಗಾಳಿಗೆ ಫೋನಿನಲ್ಲಿ ಒಬ್ಬರ ಮಾತೂ ಸರಿಯಾಗಿ ರೆಕಾರ್ಡ್ ಆಗಿರಲಿಲ್ಲ. ನನ್ನಂಥ ಮಿಮಿಕ್ರಿಯವನು ಮನೆಯಲ್ಲೇ ಇರುವಾಗ ಚಿಂತೆ ಏನು? ನಾಯಕ, ಮಂತ್ರವಾದಿ, ಗೂಬೆ, ನಾಯಿ, ಎಲ್ಲಕ್ಕೂ ನಾನೇ ದನಿ ಕೊಟ್ಟೆ. ನಾಯಿಯದೇ ಸಹಜವಾಗಿದೆ ಎಂದು ಮನೆಮಂದಿಯ ಅಭಿಪ್ರಾಯ. ದೆವ್ವದ ಸರದಿ ಬರುವಷ್ಟರಲ್ಲಿ ಅತ್ತೆಗೆ ಗಂಟಲಿನ ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ. ದನಿ ಮಾತ್ರ ಪಿಸುಮಾತಿಗೆ ಇಳಿದು ಅಲ್ಲೇ ನಿಂತಿತು. ಬೇರೆ ಯಾರಿಂದಲಾದರೂ ಹೇಳಿಸೋಣ ಎಂದರೆ ಮಾವ ಒಪ್ಪಲಿಲ್ಲ. ಕ್ಲಾಸಿಕ್ಕು ತಿಂಗಳುಗಟ್ಟಲೆ ಫೋನಿನಲ್ಲೇ ಮಲಗಿತು.

ಒಂದು ದಿನ ಲೇತು ನಿಲ್ಲಿಸಿ, ನನ್ನ ಮುಖ ನೋಡದೆ ಕೇಳಿದರು: ‘ನಿಮ್ಮತ್ತೆ ಥರ ಮಾತಾಡಿ ಸೌಟಲ್ಲಿ ಏಟು ತಿಂತಿದ್ಯಲ್ಲ, ಆ ದನಿ ಇನ್ನೂ ಐತೇನ್ಲಾ?’

ಇತ್ತು. ಆಪರೇಷನ್ ಆದಮೇಲೆ ಅದನ್ನು ಆಚೆ ತೆಗೆಯಲು ಮನಸ್ಸಾಗಿರಲಿಲ್ಲ, ಅಷ್ಟೇ. ಅತ್ತೆಯ ಎದುರಿಗೇ ಕೂತು ಅಂಜುತ್ತ ಶುರುಮಾಡಿದೆ. ಅವರು ಕೈ ಅಡ್ಡ ಮಾಡಿ ಪಿಸುಗುಟ್ಟಿದರು: ‘ಇನ್ನೊಸಿ ಜೋರಾಗ್ ಕೂಗ್ಲಾ. ನಾನ್ಯಾವತ್ತು ಅಷ್ಟು ಮೆತ್ತಗೆ ಕರ್ದಿದ್ದೆ?’

ದನಿ ಜೋಡಿಸಿ ಮುಗಿಸಿದ ದಿನ ಸಂಜೆ ಅಂಗಳದಲ್ಲಿ ಬೆಡ್‌ಶೀಟು ಕಟ್ಟಿ ಸಿನಿಮಾ ಹಾಕಿದೆವು. ಬೀದಿಗೆ ಬೀದಿಯೇ ನಕ್ಕಿತು. ತೆಂಗಿನಕಾಯಿಗೆ ಚಪ್ಪಾಳೆ ಬಿತ್ತು. ಕೊನೆಗೆ ಪರದೆಯ ಮೇಲಿನ ದೆವ್ವ ಬಾಯಿ ತೆರೆದು ಗಟ್ಟಿಯಾಗಿ ಕೂಗಿತು: ‘ಮುದ್ದೆ ಆರೋಯ್ತಾ ಐತೆ, ಬರೋರ್ ಬನ್ನಿ!’

ಎಲ್ಲರಿಗಿಂತ ಹಿಂದೆ ಕೂತಿದ್ದ ಮಾವ ಬೆಚ್ಚಿ ಎದ್ದು ನಿಂತರು. ‘ಬಂದೆ ಕಣೇ’ ಎನ್ನುತ್ತ ಅಡುಗೆಮನೆಯ ಕಡೆ ತಿರುಗಿದರು.

ಪಕ್ಕದಲ್ಲೇ ಇದ್ದ ಅತ್ತೆ ಅವರ ಅಂಗಿಯ ಚುಂಗು ಹಿಡಿದು, ಮೆಲ್ಲಗೆ ಕೂರಿಸಿಕೊಂಡರು.